ತೊಳೆದಿಟ್ಟ ಆಕಾಶ

ತಿಲ್ಕಾರ್
ಅಕ್ಟೋಬರ್ ೧೧, ಶನಿವಾರ, ಮಧ್ಯಾಹ್ನ

ಪ್ರೀತಿಯ ನೊಲ್ಬೆರ್ತೊ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ಇದು ಉಪ್ಪಿನ ಧೂಳು ಏಳುವ ತಿಂಗಳು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಕಂಬ ಹತ್ತುವ ಚಾಳಿಯನ್ನು ನೀನು ಇನ್ನೂ ಬಿಟ್ಟಿಲ್ಲವೆಂದು ವ್ಯಾನಿನ ದೊನ್ ಸತುರ್ನೀನೊ ಅಜ್ಜಿಯ ಹತ್ತಿರ ದೂರು ಹೇಳಿ ಹೋಗಿದ್ದಾರೆ. ಅಜ್ಜಿ ಚನ್ಯಾರ್ ಹಣ್ಣಿನ ಪಾಕ ಕಾಯಿಸಿ, ಬಾಟಲಿಯ ಬಾಯಿಗೆ ಮೇಣ ಮೆತ್ತಿ, ಈ ಕಾಗದದ ಜೊತೆ ಕಳಿಸುತ್ತಿದ್ದಾಳೆ. ಬೆಳಿಗ್ಗೆ ಒಂದು ಚಮಚ, ಮಲಗುವಾಗ ಒಂದು. "ರೊಟ್ಟಿಗೆ ಸವರ್ಕೊಂಡು ಒಂದೇ ದಿನಕ್ಕೆ ನೆಕ್ಕಿ ಮುಗಿಸ್ಬೇಡ ಅಂತ ದೊಡ್ಡಕ್ಷರದಲ್ಲಿ ಬರಿ" ಎಂದಳು. ಬರೆದಿದ್ದೇನೆ ಅಂದುಕೋ. ಚೀಲದ ತಳದಲ್ಲಿ ಒಣಗಿಸಿದ ಮಾಂಸವೂ ಹುರಿದ ಮೆಕ್ಕೆಜೋಳದ ಹಿಟ್ಟೂ ಇವೆ. ಮೊಣಕಾಲಿಗೆ ಏನೂ ಕಳಿಸಿಲ್ಲ. ಕಂಬದಿಂದ ಇಳಿಯುವುದೇ ಅದಕ್ಕೆ ಮದ್ದು ಎಂಬುದು ಅವಳ ತೀರ್ಪು.

ಅಜ್ಜಿ ಆರೋಗ್ಯವಾಗಿದ್ದಾಳೆ. ಕಂದು ಲಾಮಾ ಮರಿ ಹಾಕಿದೆ, ಹೆಣ್ಣು, ಹಣೆಯ ಮೇಲೆ ಬಿಳಿ ಚುಕ್ಕೆ. ಕಾಲುವೆ ಹೂಳು ತೆಗೆಯುವ ದಿನ ನಿನ್ನ ಪಾಲಿನ ಸಲಿಕೆಯನ್ನು ನಾನೇ ಹಿಡಿದೆ. "ಇವಳು ಅಣ್ಣನ ಪಾಲು ಅಗೀತಾಳೋ, ನಿಂತ್ಕೊಂಡು ಭಾಷಣ ಮಾಡ್ತಾಳೋ?" ಎಂದು ಮೇಲಿನ ಮನೆಯವರು ನಕ್ಕರು. ಅಗೆದೆ. ಅಂಗೈ ಬೊಬ್ಬೆ ಇನ್ನೂ ಆರಿಲ್ಲ, ಅದಕ್ಕೇ ಅಕ್ಷರ ಹೀಗೆ ಸೊಟ್ಟ.

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿ ಇವತ್ತಿಗೆ ಇಪ್ಪತ್ತಾರು ದಿನ. ನಿನ್ನ ಎರಡು ಬಿಡುವಿನ ವಾರಗಳು ಬಂದು ಹೋದವು. ಎರಡರಲ್ಲೂ ಯಾರದೋ ಬದಲಿ ಪಾಳಿ ಹಿಡಿದು ಕಂಪನಿಯ ಕ್ಯಾಂಪಿನಲ್ಲೇ ಉಳಿದೆ. ತಪ್ಪು ನನ್ನದು. ಊರ ಜನರೆಲ್ಲ ಕೂತಿದ್ದಾಗ, ಅಧ್ಯಕ್ಷ ದೊನ್ ಇಲಾರಿಯೊನ್ ಅವರ ಅಂಗಳದಲ್ಲಿ, ಕಂಪನಿಯ ದೀಪಗಳನ್ನು ನೋಡಿಕೊಳ್ಳುವ ನಿನ್ನನ್ನು "ಕತ್ತಲೆ ಮಾರಿಕೊಂಡವನು" ಎಂದೆ. ಆ ಮಾತು ನನ್ನದೂ ಅಲ್ಲ, ಒಂದು ಕರಪತ್ರದ್ದು. ಇಗರ್ಜಿಯ ಕೋಣೆಯಲ್ಲಿ ಬಿದ್ದಿದ್ದ ಆ ರಟ್ಟಿನ ಪೆಟ್ಟಿಗೆಯನ್ನು ನಾನು ಹದಿನಾಲ್ಕನೇ ವಯಸ್ಸಿಗೆ ತೆರೆದೆ. ನೀರಿನ ಬಗ್ಗೆ, ಮೂಲನಿವಾಸಿಗಳ ಹಕ್ಕಿನ ಬಗ್ಗೆ, ಕತ್ತಲ ಆಕಾಶದ ಬಗ್ಗೆ ಅದರಲ್ಲಿದ್ದ ಒಂದೊಂದು ಹಾಳೆಯೂ ನನಗೆ ಬಾಯಿಪಾಠ. ಅದರಲ್ಲಿ ಅಣ್ಣಂದಿರ ಬಗ್ಗೆ ಒಂದು ಹಾಳೆಯೂ ಇರಲಿಲ್ಲ. ನೀನು ಆಗ ಹೇಳಿದ್ದು ನೆನಪಿದೆ: "ಕರಪತ್ರ ತಿಂದು ಬೆಳೆದೋಳೇ, ಒಂದು ರಾತ್ರಿ ಪಾಳೀಲಿ ಕೊಳದ ದಂಡೆ ಮೇಲೆ ನಡ್ಕೊಂಡು ಬಾ. ದೀಪ ಇಲ್ದೆ ನಮ್ಮ ಪಾಳಿ ರಮೋನ್ ಬಿದ್ದು ಸೊಂಟ ಮುರ್ಕೊಂಡನಲ್ಲ, ಅವನಿಗೆ ಓದಿ ಹೇಳು ನಿನ್ನ ಆಕಾಶದ ಕಥೆ." ನಾನು ಇನ್ನೂ ಜೋರಾಗಿ ಕೂಗಿದೆ. ಈಗ ಉತ್ತರ ಗೊತ್ತು, ದೀಪಕ್ಕೆ ಮೇಲೊಂದು ತಗಡಿನ ಟೊಪ್ಪಿ ಹಾಕಿದರೆ ಬೆಳಕು ದಂಡೆಗೂ ಬೀಳುತ್ತದೆ, ಆಕಾಶವನ್ನೂ ಕೆಡಿಸುವುದಿಲ್ಲ. ಉಪ್ಪುನೀರು ಒಣಗಿಸಲು ಕಂಪನಿ ಈಗ ಹೊಸದಾಗಿ ಅಗೆಯಲಿರುವ ಕೊಳಗಳಿಗೆ ಹಾಕುವ ಮುನ್ನೂರ ನಲವತ್ತು ಕಂಬಗಳಿಗೆ ಟೊಪ್ಪಿ ಹಾಕಿಸಬೇಕು ಎಂಬುದಷ್ಟೇ ನಮ್ಮ ಊರಿನ ಅಹವಾಲು. ಹಾಕಿಸದಿದ್ದರೆ ನೈರುತ್ಯದ ಆಕಾಶ ಪೂರ್ತಿ ಹೋಗುತ್ತದೆ. ಅವರು ಸರ್ಕಾರಕ್ಕೆ ಕೊಟ್ಟ ಪರಿಸರ ವರದಿಯಲ್ಲಿ ಆಕಾಶದ ಬಗ್ಗೆ ಇರುವುದು ಒಂದೇ ಸಾಲು: "ಬೆಳಕಿನ ಪರಿಣಾಮ ಗಣನೀಯವಲ್ಲ." ಆ ಸಾಲನ್ನು ಸುಳ್ಳೆಂದು ತೋರಿಸಲು ನಮಗಿರುವ ಕಡೆಯ ದಿನ ಅಕ್ಟೋಬರ್ ಮೂವತ್ತು. ತೋರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಅದನ್ನು ಏನು ಮಾಡಿದೆ ಎಂಬುದನ್ನು ನಿನಗೆ ಬೇರೆಯವರು ಹೇಳಿರುತ್ತಾರೆ. ನನ್ನ ಬಾಯಿಂದ ಕೇಳು.

ನನ್ನ ಕೆಲಸ ನಿನಗೆ ಗೊತ್ತು. ಬೇರೆ ದೇಶದವರು ತಮ್ಮ ಟೆಲಿಸ್ಕೋಪುಗಳನ್ನು ನಮ್ಮ ಗುಡ್ಡದ ಮೇಲಿನ ಶೆಡ್ಡುಗಳಲ್ಲಿ ಇಟ್ಟು, ಮನೆಯಲ್ಲೇ ಕೂತು ಆಕಾಶದ ಚಿತ್ರ ತೆಗೆಯುತ್ತಾರೆ. ನಾನು ಧೂಳು ಗುಡಿಸುತ್ತೇನೆ, ಜಾರುವ ಚಾವಣಿ ಸಿಕ್ಕಿಕೊಂಡರೆ ಬಿಡಿಸುತ್ತೇನೆ, ಇಲಿ ಕಡಿದ ತಂತಿಯನ್ನು ನೀನು ಕಲಿಸಿದ ಹಾಗೆ ಕೂಡಿಸುತ್ತೇನೆ. ಅವರಲ್ಲಿ ಬೆಲ್ಜಿಯಂನ ಹಲ್ಲಿನ ವೈದ್ಯ ಯೋಸ್ಟ್ ಹೊಸ ಕ್ಯಾಮೆರಾ ತರಿಸಿದಾಗ ಹಳೆಯದನ್ನು ನನಗೇ ಇಟ್ಟುಕೋ ಎಂದರು. ಅಲ್ಲಿಂದ ಈ ಹುಚ್ಚು. ಒಂದು ಚಿತ್ರದಲ್ಲಿ ಏನೂ ಇರುವುದಿಲ್ಲ ಅಣ್ಣಾ, ಬರೀ ಕರಿ ಹಲಗೆ. ಅದೇ ಜಾಗವನ್ನು ನೂರಾರು ಸಲ ತೆಗೆದು, ಒಂದರ ಮೇಲೊಂದು ಪೇರಿಸಿ, ಆಮೇಲೆ ಕತ್ತಲೆಯನ್ನು ರೊಟ್ಟಿಯ ಹಿಟ್ಟಿನಂತೆ ಮೆಲ್ಲಗೆ ಎಳೆದು ಹಿಗ್ಗಿಸಿದರೆ ಮಾತ್ರ ಒಳಗಿದ್ದದ್ದು ಮೇಲೆ ಬರುತ್ತದೆ. ಹಿಗ್ಗಿಸಿದಾಗ ಕ್ಯಾಮೆರಾದ ಸ್ವಂತ ಗೀಚು, ಚುಕ್ಕೆಗಳೂ ಮೇಲೇಳುತ್ತವೆ. ಅದನ್ನು ಕಳೆಯಲು ಮುಚ್ಚಳ ಹಾಕಿ ಬರೀ ಕತ್ತಲೆಯನ್ನೇ ಐವತ್ತು ಸಲ ತೆಗೆಯಬೇಕು. ಗಾಜಿನ ಮೇಲಿನ ಧೂಳಿನ ಕಲೆ ಕಳೆಯಲು ಮುಸ್ಸಂಜೆಯಲ್ಲಿ ಬಿಳಿ ಬಟ್ಟೆ ಬಿಗಿದು ಇನ್ನೈವತ್ತು. ಬಿಳಿ ಬಟ್ಟೆ ಅಂದರೆ ನಿನ್ನ ಶಾಲೆಯ ಅಂಗಿ. ಕಾಲರನ್ನು ಕತ್ತರಿಸಿದ್ದೇನೆ, ಬೈಯಬೇಡ. ಅಜ್ಜಿ ಇದನ್ನೆಲ್ಲ ನೋಡಿ ಪಕ್ಕದ ಮನೆಯವರಿಗೆ ಹೇಳಿದ್ದು: "ಕತ್ತಲೆ ಫೋಟೊ ತೆಗೆಯೋಕೆ ಮುಚ್ಚಳ ಹಾಕ್ತಾಳಂತೆ. ನಾನು ಕಣ್ಣು ಮುಚ್ಕೊಂಡ್ರೆ ಬಿಟ್ಟಿ ಕಾಣತ್ತೆ."

ಬೇಸಿಗೆಯಲ್ಲಿ ಮೊದಲು ಮಾಡಿದ್ದು ದಕ್ಷಿಣದ ಆ ದೊಡ್ಡ ಕೆಂಪು ಅನಿಲದ ಮೋಡ. ಅದು ನನ್ನ ಕೈಯಲ್ಲಿ ಕುದುರೆಮೆಂತೆ ಸೊಪ್ಪಿನ ಹಸಿರಾಗಿ ಬಂತು. ಎರಡನೆಯ ಸಲ ನೀಲಿ. ಮೂರನೆಯ ಸಲ ಎಲ್ಲ ನಕ್ಷತ್ರಕ್ಕೂ ಬಾಲ. ಪೇರಿಸುವ ಲೆಕ್ಕಕ್ಕೆ ಕಂಪ್ಯೂಟರು ಆರೇಳು ತಾಸು ತೆಗೆದುಕೊಳ್ಳುತ್ತದೆ. ಊರಿನ ಜನರೇಟರು ಸಂಜೆ ಐದು ತಾಸು ಮಾತ್ರ ಓಡುತ್ತದೆ. ಪ್ರತಿ ಸಲವೂ ಮುಕ್ಕಾಲು ಮುಗಿದಲ್ಲಿ ಕರೆಂಟು ಹೋಗಿ ಮೊದಲಿನಿಂದ. ಕಡೆಗೆ ಹಗಲು ಶೆಡ್ಡಿನ ಬಿಸಿಲುಫಲಕಕ್ಕೆ ಸಿಕ್ಕಿಸಿ, ಪೊರಕೆ ಹಿಡಿದು ಓಡಾಡುತ್ತ ನೋಡಿಕೊಂಡೆ. ಯೋಸ್ಟ್ ಬರೆದರು: "ಎಲ್ಲರ ಮೊದಲ ಮೋಡವೂ ಹಸಿರೇ ಇರತ್ತೆ ಮಗೂ." ಆ ಒಂದು ಸಾಲನ್ನು ಹಿಡಿದುಕೊಂಡು ಜೂನ್‌ವರೆಗೂ ಮುಂದುವರಿದೆ.

ಆದರೆ ನನಗೆ ಬೇಕಾಗಿದ್ದು ಕೆಂಪು ಮೋಡವಲ್ಲ, ನಮ್ಮ ಲಾಮಾ. ನಾವಿಬ್ಬರೂ ಚಿಕ್ಕವರಿದ್ದಾಗ ಅಜ್ಜಿ ಗೋಡೆಗೆ ಒರಗಿಸಿ ಕೂರಿಸಿ ತೋರಿಸುತ್ತಿದ್ದಳಲ್ಲ, ಹಾಲು ಚೆಲ್ಲಿದ ಹಾಗಿರುವ ಆ ಬೆಳ್ಳಿ ಪಟ್ಟಿಯ ನಡುವೆ ಕಪ್ಪಗೆ ನಿಂತಿರುವುದನ್ನು: ಉದ್ದ ಕತ್ತು, ಬೆನ್ನು, ಹೊಟ್ಟೆಯ ಕೆಳಗೆ ಮರಿ. ಬೇರೆಯವರು ಚುಕ್ಕೆಗಳನ್ನು ಕೂಡಿಸಿ ಪ್ರಾಣಿ ಮಾಡುತ್ತಾರೆ, ನಮ್ಮದು ಕತ್ತಲೆಯೇ ಪ್ರಾಣಿ. ಚುಕ್ಕೆ ಬೇಕಾಗಿರುವುದು ಅದರ ಎರಡು ಕಣ್ಣಿಗೆ ಮಾತ್ರ. ಕಾಲುವೆ ತೆಗೆಯುವ ಈ ತಿಂಗಳಲ್ಲಿ ಸಂಜೆಯಾಗುತ್ತಲೇ ಅದು ತಲೆ ಬಗ್ಗಿಸಿ ಉಪ್ಪಿನ ಬಯಲಿನ ಅಂಚಿಗೆ ಬಾಯಿ ಹಾಕುತ್ತದೆ. ಅದು ನೀರು ಕುಡಿದರೆ ನಮ್ಮ ಬುಗ್ಗೆಗಳಿಗೂ ನೀರು. ಅದು ಬಾಯಿ ಹಾಕುವ ಜಾಗದಲ್ಲೇ ಈಗ ನಿನ್ನ ಕಂಪನಿಯ ದೀಪಗಳು. ನಾಲ್ಕು ವರ್ಷದಿಂದ ಕತ್ತಿನ ಕೆಳಗೆ ಏನೂ ಕಾಣುವುದಿಲ್ಲ, ಬರೀ ಹಳದಿ ಮಂಜು. ಅಜ್ಜಿ ತನ್ನ ಕಣ್ಣೇ ಹೋಯಿತೆಂದುಕೊಂಡಳು. ಕಲಾಮಾದ ಆಸ್ಪತ್ರೆಗೆ ನೀನೇ ಕರೆದುಕೊಂಡು ಹೋಗಿದ್ದೆ. ಕಣ್ಣಲ್ಲಿ ಪೊರೆ ಇಲ್ಲ ಅಂದದ್ದಕ್ಕೆ ವೈದ್ಯನಿಗೇ ಏನೂ ಬರುವುದಿಲ್ಲ ಎಂದು ಬೈದುಕೊಂಡು ಬಂದಳು. ನಿಜ ಹೇಳಿದವಳು ನಾನು, ಅದೂ ಕೆಟ್ಟದಾಗಿ: "ನಿನ್ನ ಕಣ್ಣಲ್ಲ ಅಜ್ಜಿ, ನಿನ್ನ ಮೊಮ್ಮಗ ಹಚ್ಚೋ ದೀಪ." ಅವಳು, "ಅವನು ಹಚ್ಚಿದ್ದಾ? ಹಾಗಾದ್ರೆ ಇರ್ಲಿ ಬಿಡು. ಲಾಮಾ ಹಳೇದು, ಕಾಯತ್ತೆ. ಅವನು ಹೊಸಬ, ಬದುಕ್ಬೇಕಲ್ಲ" ಎಂದಳು. ಆ ಮಾತಿಗೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಸೆಪ್ಟೆಂಬರಿನ ಅಮಾವಾಸ್ಯೆಯ ಸುತ್ತ ಐದು ಸಂಜೆ, ಮನೆಯ ಹಿಂದಿನ ದಿಬ್ಬದಿಂದ ನಾನೂರ ಹನ್ನೆರಡು ಚಿತ್ರ ತೆಗೆದೆ. ಪೇರಿಸಿದೆ. ಲಾಮಾದ ಬೆನ್ನು, ಹೊಟ್ಟೆ, ಮರಿ, ಕತ್ತಿನ ಅರ್ಧ; ಅಲ್ಲಿಂದ ಕೆಳಗೆ ನಿಮ್ಮ ದೀಪದ ಮಂಜು, ಒಲೆಯ ಬಾಯಿಯ ಹಾಗೆ. ಅದೇ ಸಾಕ್ಷಿ. ಅಷ್ಟನ್ನು ಹಾಗೇ ತೆಗೆದುಕೊಂಡು ಹೋಗಿ ಇಟ್ಟಿದ್ದರೆ ಮುಗಿದಿತ್ತು. ಆದರೆ ಈ ವಿದ್ಯೆಯಲ್ಲಿ ಎಲ್ಲರೂ ಮೊದಲು ಕಲಿಸುವ ಪಾಠ ಏನು ಗೊತ್ತೇ? ಊರದೀಪದ ಬೆಳಕು ಕೊಳೆ, ಅದನ್ನು ತೊಳೆ. ಕಲಿಸುವವರೆಲ್ಲ ದೊಡ್ಡ ಊರುಗಳಲ್ಲಿ ಇರುವವರು. ಅವರಿಗೆ ಅದು ಅಂಗಳಕ್ಕೆ ನುಗ್ಗಿದ ಚರಂಡಿ, ಅದನ್ನು ಹೊರಗಟ್ಟಿದರೆ ಸಾಕು. ತೊಳೆಯುವುದಕ್ಕೆಂದೇ ಒಂದು ಸಾಧನ ಇದೆ: ಚಿತ್ರದಲ್ಲಿ ಎಲ್ಲೆಲ್ಲಿ ಬರೀ ಆಕಾಶ ಎಂದು ಬೆರಳಿಟ್ಟು ತೋರಿಸಿದರೆ, ಮಿಕ್ಕ ಬೆಳಕನ್ನು ಅದು ಲೆಕ್ಕ ಹಾಕಿ ಕಳೆಯುತ್ತದೆ. ನಾನು ಬೆರಳಿಟ್ಟೆ. ಮಂಜು ಒಂದಿಷ್ಟು ಹಿಂದೆ ಸರಿಯಿತು, ಅದರೊಳಗಿಂದ ಕತ್ತು ಕೆಳಗಿಳಿಯಿತು. ಇನ್ನೊಂದು ಸಲ ತೊಳೆದೆ. ದವಡೆ ಬಂತು. ಮೂರನೆಯ ಸಲಕ್ಕೆ ಎರಡು ಕಣ್ಣೂ ಹೊತ್ತಿಕೊಂಡು, ತಲೆ ಬಗ್ಗಿಸಿ, ನೀರಿಗೆ ಬಾಯಿ ಹಾಕಿದ ಲಾಮಾ ಪೂರ್ತಿಯಾಗಿ ನಿಂತಿತು.

ನಾನು ಶೆಡ್ಡಿನ ನೆಲದ ಮೇಲೆ ಕೂತು ಅತ್ತೆ, ಅಣ್ಣಾ. ಅವರು ಮುಳುಗಿಸಿದ ತಲೆಯನ್ನು ನಾನು ಮೇಲೆತ್ತಿದೆ ಎಂದುಕೊಂಡೆ. ಸಾಯಂಕಾಲ ಅಜ್ಜಿಗೆ ತೋರಿಸಿದೆ. ಅವಳು ಕಂಪ್ಯೂಟರಿನ ಗಾಜಿನ ಮೇಲೆ ಬೆರಳಾಡಿಸುತ್ತ, "ಇದೆಯಲ್ಲೇ, ಎಲ್ಲೂ ಹೋಗಿಲ್ಲ" ಎಂದಳು. ಯೋಸ್ಟ್ ಹತ್ತು ಜನ ಗೆಳೆಯರಿಗೆ ಕಳಿಸಿದರು. ಯಾರೋ ಜಪಾನಿನವರು ಹೊಗಳಿ ಬರೆದರು. ಇಷ್ಟಾದ ಮೇಲೆ ಆ ಹಳದಿ ಮಂಜಿನ ಚಿತ್ರ ನನಗೆ ಬಚ್ಚಲಿನ ನೀರಿನಂತೆ ಕಂಡಿತು. ಕಂಪನಿಯವರ ಮುಂದೆ, ಸರ್ಕಾರದ ಅಧಿಕಾರಿಗಳ ಮುಂದೆ ನಮ್ಮ ಊರಿನಿಂದ ಹೋಗುವ ಮೊದಲ ಚಿತ್ರ ಕೊಳಕಾಗಿರಬಾರದು. ನೆಂಟರು ಬರುವ ಮೊದಲು ಅಜ್ಜಿ ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸುತ್ತಾಳಲ್ಲ, ನಾನೂ ಅದೇ ಮನೆಯ ಹುಡುಗಿ. ಕಲಾಮಾದಲ್ಲಿ ಒಂದು ಮೀಟರು ಅಗಲಕ್ಕೆ ಅಚ್ಚು ಹಾಕಿಸಬೇಕಿತ್ತು; ಆ ದೊಡ್ಡ ಕಡತಕ್ಕೆ ಕಂಪ್ಯೂಟರಿನಲ್ಲಿ ಜಾಗ ಸಾಲಲಿಲ್ಲ. ಅಡುಗೆ ಮುಗಿದ ಮೇಲೆ ಸಿಪ್ಪೆ ಯಾಕೆ ಎಂದು ನಾನೂರ ಹನ್ನೆರಡು ಮೂಲ ಚಿತ್ರಗಳನ್ನೂ ಅಳಿಸಿಹಾಕಿದೆ. ತೊಳೆಯುವ ಮೊದಲು ಪೇರಿಸಿಟ್ಟದ್ದನ್ನೂ.

ಎರಡನೇ ತಾರೀಖು ಶಾಲೆಯಲ್ಲಿ ಸಭೆ. ಅಧಿಕಾರಿಗಳು ಇಬ್ಬರು ಬಂದಿದ್ದರು. ಚಿತ್ರವನ್ನು ಕರಿಹಲಗೆಯ ಮೇಲೆ ತೂಗು ಹಾಕಿ ಹತ್ತು ನಿಮಿಷ ಮಾತಾಡಿದೆ, ಒಂದು ಚೀಟಿಯನ್ನೂ ನೋಡದೆ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಕಂಪನಿಯ ಪರವಾಗಿ ಊರುಗಳ ಜೊತೆ ಮಾತಾಡಲು ಬರುವ ಸೆನ್ಯೋರಾ ಇಸ್ಮೆನಿಯಾ ಎದ್ದಳು. ನಿನಗೆ ಗೊತ್ತಿರುವವಳೇ, ಅಜ್ಜಿಯ ಕೈಯ ಬ್ರೆಡ್ಡನ್ನು ಹೊಗಳಿ ಎರಡು ಕಟ್ಟಿಸಿಕೊಂಡು ಹೋಗುವವಳು. "ತುಂಬಾ ಚೆನ್ನಾಗಿದೆ ಎಲ್ಸಿರಾ. ಯಾವತ್ತು ತೆಗ್ದಿದ್ದಮ್ಮಾ?" ಹೋದ ಅಮಾವಾಸ್ಯೆಯ ವಾರ ಎಂದೆ. "ಅವತ್ತು ನಮ್ಮ ದೀಪ ಉರೀತಿತ್ತಾ?" ಎಲ್ಲಾ ಉರಿಯುತ್ತಿತ್ತು ಎಂದೆ, ಗಟ್ಟಿಯಾಗಿ. "ಇದ್ರಲ್ಲಿ ಎಲ್ಲಿದೆ, ಒಂಚೂರು ತೋರಿಸ್ತೀಯಾ?"

ನಾನು ಚಿತ್ರದ ಹತ್ತಿರ ಹೋದೆ. ಕೈ ಎತ್ತಿದೆ. ತೋರಿಸಲು ಏನೂ ಇರಲಿಲ್ಲ. ಬೆಳಕನ್ನು ಸೋಸಿ ತೆಗೆದಿದ್ದೇನೆ ಎಂದೆ. ಆಕೆ ನಗಲಿಲ್ಲ, ಅದೇ ಕೆಟ್ಟದ್ದು. "ಅಂದ್ರೆ ಇದ್ದದ್ದನ್ನ ಇಲ್ಲ ಅನ್ನೋ ಹಾಗೆ ಮಾಡೋಕೆ ನಿನಗೆ ಬರತ್ತೆ. ನಾಳೆ ಇಲ್ದಿದ್ದನ್ನ ಇದೆ ಅನ್ನೋ ಹಾಗೂ ಮಾಡ್ಬಹುದಲ್ವಾ?" ಅಧಿಕಾರಿ ಅದನ್ನು ಬರೆದುಕೊಂಡ. ಹಿಂದಿನ ಬೆಂಚಿನಲ್ಲಿ ಯಾರೋ, "ಹೋಗ್ಲಿ ಬಿಡ್ರಪ್ಪಾ, ಫೋಟೊ ಚಂದ ಇದೆ, ಶಾಲೆಗೇ ಇರ್ಲಿ" ಎಂದರು. ಅದಕ್ಕೆ ಎಲ್ಲರೂ ನಕ್ಕರು. ದೊನ್ ಇಲಾರಿಯೊನ್ ನಗಲಿಲ್ಲ. ಟೊಪ್ಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತ ಕೂತಿದ್ದರು. ನಾಲ್ಕು ದಿನಕ್ಕೆ ಕಂಪನಿಯ ಹೊಸ ಕರಪತ್ರ ಮನೆಮನೆಗೆ ಬಂತು. ಮುಖಪುಟಕ್ಕೆ ನನ್ನ ಲಾಮಾ. ಕೆಳಗೆ: "ನಮ್ಮ ಕೊಳಗಳ ಮೇಲಿನ ಆಕಾಶ, ಇಂದಿಗೂ." ಯಾರೂ ನನ್ನ ಒಪ್ಪಿಗೆ ಕೇಳಲಿಲ್ಲ. ನಾನು ಬೆಳೆದದ್ದೇ ಕರಪತ್ರ ಓದಿ. ಇಷ್ಟು ಚೆನ್ನಾಗಿ ಅಚ್ಚಾದದ್ದನ್ನು ನೋಡಿಯೇ ಇರಲಿಲ್ಲ.

ಮೂಲ ಚಿತ್ರಗಳನ್ನು ಕೊಟ್ಟರೆ ಇನ್ನೂ ಸರಿಮಾಡಬಹುದು ಎಂದು ಯೋಸ್ಟ್ ಬರೆದರು. ಇಲ್ಲ ಎಂದೆ. ಆಮೇಲೆ, ಮೊದಲ ವರ್ಷ ತಾನೂ ಅಳಿಸಿದ್ದೆ ಎಂದು ಬರೆದರು. ಅವರು ಅಳಿಸಿದ್ದು ಒಂದು ಮೋಡವನ್ನು. ಅದು ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ಮುಂದಿನದನ್ನು ನಿನಗಲ್ಲದೆ ಬೇರೆ ಯಾರಿಗೂ ಹೇಳಲಾರೆ. ಮೂರು ಹಗಲು ಕೂತು ಆ ತೊಳೆದ ಚಿತ್ರದ ಮೇಲೆ ಬೆಳಕನ್ನು ವಾಪಸ್ ಬಳಿದೆ. ಕುಂಚದ ಸಾಧನ ಇದೆ. ಹಳದಿ, ಒಂದಿಷ್ಟು ಬಿಳಿ, ಅಂಚಿಗೆ ಹೋಗುತ್ತ ತೆಳು. ನೆನಪಿನಿಂದ ಬಳಿದೆ. ನಾಲ್ಕು ವರ್ಷ ದಿನಾ ನೋಡಿದ್ದೇನಲ್ಲ, ಒಂದು ಕೂದಲೆಳೆಯೂ ತಪ್ಪಲಿಲ್ಲ. ನಿಜಕ್ಕಿಂತ ನಿಜವಾಗಿ ಬಂತು. ದೊನ್ ಇಲಾರಿಯೊನ್‌ಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಹಾಕಮ್ಮಾ. ಬೆಳಕು ಇದ್ದದ್ದು ಸುಳ್ಳಾ? ನೀನು ಇದ್ದದ್ದನ್ನೇ ಇಟ್ಟಿದ್ದೀಯ. ಯಾವ ದೇವರು ಕೇಳ್ತಾನೆ?" ಎಂದರು. ನನಗೂ ಹಾಗೇ ಅನ್ನಿಸಿತ್ತು. ಎದುರಾಳಿ ಹೇಗೆ ಸುಳ್ಳು ಹೇಳುತ್ತಾನೆ ಎಂಬುದಕ್ಕೆ ನನ್ನ ಪೆಟ್ಟಿಗೆಯಲ್ಲಿ ಮೂವತ್ತು ಹಾಳೆಗಳಿವೆ. ನಾವೇ ನಿಜವನ್ನು ಕೈಯಾರೆ ಬಳಿಯಬೇಕಾಗಿ ಬಂದರೆ ಏನು ಮಾಡಬೇಕು ಎಂಬುದಕ್ಕೆ ಒಂದೂ ಇಲ್ಲ. ಸೆನ್ಯೋರಾ ಇಸ್ಮೆನಿಯಾಳ ಆ ಮಾತು ಕಿವಿಯಲ್ಲಿತ್ತು. ಇದನ್ನು ಕೊಟ್ಟರೆ ಆಕೆ ಹೇಳಿದ್ದು ಸರಿಯಾಗುತ್ತದೆ. ಆಮೇಲೆ ಈ ಬಯಲಿನ ಯಾವ ಊರಿನ ಯಾವ ಚಿತ್ರವನ್ನೂ ಯಾರೂ ನಂಬಬೇಕಾಗಿಲ್ಲ. ಅಳಿಸಿದೆ. ದೊನ್ ಇಲಾರಿಯೊನ್ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ. "ಅಳಿಸೋದೊಂದು ಚೆನ್ನಾಗಿ ಕಲ್ತಿದ್ದಾಳೆ" ಎಂದು ಕಾಲುವೆಯ ಹತ್ತಿರ ಅಂದರಂತೆ.

ಹೊಸದಾಗಿ ತೆಗೆಯೋಣ ಎಂದು ಹುಣ್ಣಿಮೆ ಕಳೆಯುವುದನ್ನು ಕಾದೆ. ಮೊನ್ನೆ ಸಂಜೆ, ಚಂದ್ರ ಹುಟ್ಟುವ ಮೊದಲು, ದಿಬ್ಬಕ್ಕೆ ಹೋಗಿ ಕ್ಯಾಮೆರಾ ನಿಲ್ಲಿಸಿದೆ. ನೈರುತ್ಯದಲ್ಲಿ ಬೆಳಕಿಲ್ಲ. ಅಣ್ಣಾ, ನಾನು ಕಣ್ಣುಜ್ಜಿಕೊಂಡೆ. ನಮ್ಮ ಕಡೆಯ ದಂಡೆ ಉದ್ದಕ್ಕೂ ಕಪ್ಪು. ಬೆಳದಿಂಗಳಿದ್ದ ದಿನಗಳಲ್ಲಿ ಯಾರೂ ಗಮನಿಸಿರಲಿಲ್ಲ. ಲಾಮಾ ತಾನಾಗಿಯೇ ತಲೆ ಬಗ್ಗಿಸಿ ನಿಂತಿತ್ತು, ತೊಳೆಯದೆ, ಬಳಿಯದೆ. ಇಷ್ಟು ವರ್ಷ ನಾನು ಬೇಡಿದ್ದು ಅದನ್ನೇ. ಒಂದು ಚಿತ್ರವನ್ನೂ ತೆಗೆಯದೆ ಕ್ಯಾಮೆರಾ ಮಡಚಿಕೊಂಡು ಇಳಿದೆ, ತೋರಿಸಬೇಕಾದ ಬೆಳಕೇ ಇರಲಿಲ್ಲ. ನಿನ್ನೆ ದೊನ್ ಸತುರ್ನೀನೊ ಅವರನ್ನು ಕೇಳಿದೆ. "ಸಭೆ ಆದ ಮಾರನೇ ದಿನದಿಂದ ಆ ದಂಡೆ ದೀಪ ಹಾಕ್ಬೇಡಿ ಅಂದಿದ್ದಾರಂತೆ, ಮೂವತ್ತನೇ ತಾರೀಕಿನವರೆಗೂ. ಕಾಗದ ಗೀಗದ ಏನಿಲ್ಲ, ಬಾಯಿಮಾತು. ಹುಡುಗ್ರು ಟಾರ್ಚ್ ಕಚ್ಕೊಂಡು ದಂಡೆ ಮೇಲೆ ಓಡಾಡ್ತಾರೆ. ನಿಮ್ಮಣ್ಣ ದಿನಾ ಬೈಕೊಂಡು ಸ್ವಿಚ್ಚು ಆರಿಸ್ತಾನೆ" ಎಂದರು. ಅಂದರೆ ಅವರಿಗೆ ಆಕಾಶವೂ ಬೇಕಾಗಿಲ್ಲ, ನಿನ್ನ ರಮೋನನ ಸೊಂಟವೂ ಬೇಕಾಗಿಲ್ಲ. ನಾನು ಮತ್ತೆ ತೆಗೆಯುವ ಚಿತ್ರದಲ್ಲಿ ಏನೂ ಸಿಗಬಾರದು, ಅಷ್ಟೇ.

ಊರಿನವರು ಅದನ್ನು ಬೇರೆ ರೀತಿ ಓದಿದ್ದಾರೆ. "ನೋಡಿದ್ಯಾ, ನಾವು ಹೇಳಿದ್ದನ್ನ ಕೇಳಿಸಿಕೊಂಡ್ರು. ನೀನೇ ಸುಮ್ಮನೆ ಹಾರಾಡ್ತಿದ್ದೆ" ಎನ್ನುತ್ತಾರೆ. ಅಹವಾಲಿಗೆ ರುಜು ಹಾಕಿದ್ದ ಮೂವತ್ತೊಂಬತ್ತು ಮನೆಗಳಲ್ಲಿ ಹನ್ನೊಂದು ವಾಪಸ್ ತೆಗೆದುಕೊಂಡಿವೆ. ಅಜ್ಜಿಯದು ಬೇರೆಯೇ ಸಂಭ್ರಮ. ಎರಡು ಸಂಜೆಯಿಂದ ಕಂಬಳಿ ಹೊದ್ದು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ನಿನ್ನೆ ನನ್ನ ಕೈ ಹಿಡಿದು, "ಆ ವೈದ್ಯ ಒಳ್ಳೇವನೇ ಕಣೇ, ನಾನೇ ಬೈದೆ ಪಾಪ. ಕಣ್ಣು ಚೆನ್ನಾಗಿದೆ" ಎಂದಳು. ಮೂವತ್ತೊಂದನೇ ತಾರೀಖಿನ ಸಂಜೆ ಆ ಕಣ್ಣಿಗೆ ಏನಾಗುತ್ತದೆ ಎಂದು ನಾನು ಹೇಳಲಿಲ್ಲ. ಮುಂದಿನ ವರ್ಷ ಮುನ್ನೂರ ನಲವತ್ತು ಕಂಬ ಎದ್ದ ಮೇಲೆ ಏನಾಗುತ್ತದೆ ಎಂದೂ ಹೇಳಲಿಲ್ಲ. ನನ್ನ ಕೈಯಿಂದಲೇ ಹೋಯಿತು ಅಣ್ಣಾ. ಶತ್ರು ಮಾಡಿದ್ದರೆ ಕೂಗಾಡಿಯಾದರೂ ಹಗುರಾಗುತ್ತಿದ್ದೆ.

ನಿನ್ನನ್ನು ಹಾಗೆ ಅಂದದ್ದಕ್ಕೆ ಕ್ಷಮೆ ಕೇಳುತ್ತೇನೆ. ಕಾಗದದಲ್ಲಲ್ಲ, ನೀನು ಬಂದಾಗ ಅದೇ ಅಂಗಳದಲ್ಲಿ, ಅಷ್ಟೇ ಜನರ ಮುಂದೆ. ಅಜ್ಜಿ ನಿನ್ನ ಹಣೆಗೆ ಶಿಲುಬೆ ಗುರುತು ಹಾಕಿದ್ದಾಳೆ. ಗಾಳಿಯಲ್ಲಿ, ಕ್ಯಾಂಪಿನ ದಿಕ್ಕಿಗೆ ತಿರುಗಿ. ಭೂಮಿತಾಯಿಗೂ ಒಂದು ಹನಿ ಚೆಲ್ಲಿ ನಿನ್ನ ಹೆಸರು ಹೇಳಿದ್ದಾಳೆ, ಒಬ್ಬರು ಮರೆತರೆ ಇನ್ನೊಬ್ಬರು ನೋಡಿಕೊಳ್ಳಲಿ ಎಂದು. ರಮೋನನಿಗೆ ನನ್ನ ನಮಸ್ಕಾರ ಹೇಳು. ಮೂಗಿಗೆ ಬಟ್ಟೆ ಕಟ್ಟಿಕೋ.

ನಿನ್ನ ತಂಗಿ,
ಎಲ್ಸಿರಾ

ಮ.ಸಾ.: ಈ ಹಾಳೆಯನ್ನು ಓದಿ ಸುಟ್ಟುಬಿಡು. ದೊನ್ ಸತುರ್ನೀನೊ ಚೀಲ ಎತ್ತಿಕೊಳ್ಳುತ್ತಿದ್ದಾರೆ, ಬೇಗ ಬರೆಯುತ್ತೇನೆ. ಇಪ್ಪತ್ತೊಂದನೇ ತಾರೀಖು ಮಂಗಳವಾರ ಅಮಾವಾಸ್ಯೆ. ರಾತ್ರಿ ಒಂಬತ್ತರಿಂದ ಒಂಬತ್ತೂ ನಲವತ್ತು. ನಮ್ಮ ಕಡೆಯ ದಂಡೆಯ ದೀಪಗಳನ್ನು ಹಾಕು. ಸಭೆಯ ಹಿಂದಿನ ದಿನ ಎಷ್ಟು ಉರಿಯುತ್ತಿದ್ದವೋ ಅಷ್ಟೇ, ಒಂದೂ ಹೆಚ್ಚು ಬೇಡ, ಒಂದೂ ಕಡಿಮೆ ಬೇಡ. ಚಿತ್ರ ತೆಗೆಯುವಾಗ ಸಾನ್ ಪೆದ್ರೊದ ನೋಟರಿ ನನ್ನ ಪಕ್ಕದಲ್ಲಿ ನಿಂತಿರುತ್ತಾರೆ, ಒಪ್ಪಿದ್ದಾರೆ. ಕ್ಯಾಮೆರಾದಿಂದ ಬಂದದ್ದನ್ನು ಹಾಗೇ ಮುದ್ರೆ ಹಾಕಿ ಅವರೇ ಇಟ್ಟುಕೊಳ್ಳುತ್ತಾರೆ, ನನ್ನ ಕೈಗೆ ಕೊಡುವುದಿಲ್ಲ. ನಿನ್ನ ಕೆಲಸ ಹೋಗಬಹುದು. ಅದು ಗೊತ್ತಿದ್ದೇ ಕೇಳುತ್ತಿದ್ದೇನೆ. ಬೇರೆ ದಾರಿ ಇದ್ದಿದ್ದರೆ ನಿನ್ನನ್ನು ಕೇಳುತ್ತಿರಲಿಲ್ಲ. ಅಜ್ಜಿಗೆ ಹೇಳಿಲ್ಲ. ಅವಳು ಅಂದೂ ಕುರ್ಚಿ ಹಾಕಿಕೊಂಡು ಕೂತಿರುತ್ತಾಳೆ, ಲಾಮಾ ನೀರು ಕುಡಿಯುವುದನ್ನು ನೋಡುತ್ತ. ಅದು ಅವಳ ಕಣ್ಣೆದುರಿಗೇ ಅಳಿಸಿಹೋಗುವುದನ್ನು ನಾನು ದಿಬ್ಬದ ಮೇಲೆ ಕಾಯುತ್ತಿರುತ್ತೇನೆ. ಹಾಕು ಅಣ್ಣಾ.